ಕಂಬಿ ಹಿಡಿಯದ ಕಂಡಕ್ಟರು

ಸೋಫಾವನ್ನು ಗೋಡೆಗೆ ತಳ್ಳಿ, ಟೀಪಾಯಿಯನ್ನು ಅಡುಗೆಮನೆಗೆ ಸಾಗಿಸಿ, ಹಾಲಿನ ನಡುವೆ ಫೋಮಿನ ಮ್ಯಾಟ್ ಹಾಸಿ, ಅದರ ಮೇಲೆ ಸೊಸೆ ಅಂಗಾತ ಮಲಗಿ "ಬನ್ನಿ ಅತ್ತೆ, ಶುರು ಮಾಡೋಣ" ಎಂದು ಕರೆದಾಗ ನನಗೆ ನಗು ತಡೆಯಲಾಗಲಿಲ್ಲ. ಅತ್ತೆ ಸೊಸೆ ಕಿತ್ತಾಡುವುದನ್ನು ಲೋಕವೆಲ್ಲ ಕಂಡಿದೆ. ಮುಂಚೆಯೇ ಸಮಯ ಗೊತ್ತುಮಾಡಿಕೊಂಡು, ಕೆಳಗೆ ಮೆತ್ತಗೆ ಹಾಸಿಕೊಂಡು ಕಿತ್ತಾಡುವುದನ್ನು ಯಾರೂ ಕಂಡಿರಲಾರರು. ಬಾಗಿಲಿಗೆ ಒರಗಿ ಚಹಾ ಕುಡಿಯುತ್ತಿದ್ದ ನನ್ನ ಮಗ, ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಅನ್ನುವುದನ್ನು ಇವತ್ತು ಟಿಕೆಟ್ ಇಲ್ಲದೆ ನೋಡುತ್ತೇನೆ ಎಂದ. ಹೊರಗೆ ಹೋಗಿ ಕುಡಿ ಎಂದು ಅವನನ್ನು ಗದರಿದೆ.

ವಿಷಯ ಇಷ್ಟೇ. ಸೊಸೆ ಹಗಲೆಲ್ಲ ಕನ್ನಡಕದ ಅಂಗಡಿಯಲ್ಲಿ ನಿಂತು ಜನರ ಮೂಗಿಗೆ ಫ್ರೇಮು ಕೂರಿಸುತ್ತಾಳೆ. ಸಂಜೆ ಜಿಯು-ಜಿಟ್ಸು ಕಲಿಯಲು ಹೋಗುತ್ತಾಳೆ. ಅದು ಬ್ರೆಜಿಲ್ ದೇಶದಲ್ಲಿ ಬೆಳೆದ ಕುಸ್ತಿ. ಗುದ್ದುವುದಿಲ್ಲ, ಒದೆಯುವುದಿಲ್ಲ, ದಪ್ಪ ಬಟ್ಟೆಯ ಅಂಗಿ ತೊಟ್ಟು, ಸೊಂಟಕ್ಕೆ ಪಟ್ಟಿ ಕಟ್ಟಿ, ಒಬ್ಬರನ್ನೊಬ್ಬರು ಹಿಡಿದು ನೆಲದ ಮೇಲೆ ಉರುಳಾಡುವುದು. ನನ್ನ ಮಗನಿಗೆ ಅವಳು ಸಿಕ್ಕಿದ್ದೂ ಅಲ್ಲೇ. ಕತ್ತು ಹಿಸುಕಿಸಿಕೊಂಡು ಪ್ರೀತಿಗೆ ಬಿದ್ದ ಗಂಡಸು ಅವನೊಬ್ಬನೇ ಇರಬೇಕು. ಈಗ ಅಲ್ಲಿ ಹೆಂಗಸರಿಗೆಂದೇ ಬೆಳಗಿನ ಬ್ಯಾಚ್ ಶುರುವಾಗಲಿತ್ತು. ಅದಕ್ಕೆ ತಾನೇ ಕಲಿಸಬೇಕೆಂದು ಇವಳ ಆಸೆ. ಬಾಯಿಬಿಟ್ಟು ಆಸೆ ಪಡುವ ಹುಡುಗಿಯಲ್ಲ. ಈ ಒಂದನ್ನು ಮಾತ್ರ ಊಟದ ಹೊತ್ತಿಗೆ ತಟ್ಟೆ ನೋಡುತ್ತ ಎರಡು ಸಲ ಹೇಳಿದ್ದಳು.

ಆದರೆ ಅಲ್ಲಿನ ಮೇಷ್ಟ್ರದ್ದು ಒಂದು ಪದ್ಧತಿ. ಹಗಲು ಕಾರು ಓಡಿಸುವುದನ್ನು ಕಲಿಸುವ ಮನುಷ್ಯ. ಕಲಿಯುವವರ ಪಕ್ಕ ಜೀವ ಕೈಯಲ್ಲಿ ಹಿಡಿದು ಕೂತು ಕೂತು ತಾಳ್ಮೆ ಬಂದಿದೆ, ಹಟವೂ ಬಂದಿದೆ. ಕಲಿಸಲು ಬಯಸುವವರು, ಮ್ಯಾಟ್ ಮೆಟ್ಟದ ಮನೆಯವರೊಬ್ಬರಿಗೆ ಒಂದು ಸ್ವೀಪ್ ಕಲಿಸಿ, ಅವರ ಜೊತೆಗೇ ಎಲ್ಲರೆದುರು ಮಾಡಿ ತೋರಿಸಬೇಕು. ಹೊರಗಿನವರು ಹೇಳಿದ್ದಕ್ಕೆಲ್ಲ ತಲೆಯಾಡಿಸುತ್ತಾರೆ, ಮನೆಯವರು ಆಡಿಸುವುದಿಲ್ಲ, ಅವರಿಗೆ ಕಲಿಸಿದವರು ಯಾರಿಗೆ ಬೇಕಾದರೂ ಕಲಿಸಬಲ್ಲರು ಎಂದು ಅವರ ವಾದ. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಯನ್ನೇ ಪರೀಕ್ಷೆ ಮಾಡಿಟ್ಟಿದ್ದಾರೆ ಪುಣ್ಯಾತ್ಮ. ಮಗ ಈ ಆಟ ಬಲ್ಲವನಾದ್ದರಿಂದ ಲೆಕ್ಕಕ್ಕಿಲ್ಲ. ಮನೆಯಲ್ಲಿ ಉಳಿದವಳು ನಾನೊಬ್ಬಳೇ.

ಸ್ವೀಪ್ ಅಂದಾಗ ನಾನು ಪೊರಕೆಯನ್ನು ನೆನೆದೆ. ಅದಲ್ಲವಂತೆ. ಕೆಳಗೆ ಬಿದ್ದವರು ಮೇಲಿದ್ದವರನ್ನು ಮಗುಚಿ ತಾವು ಮೇಲೆ ಬರುವುದಕ್ಕೆ ಆ ಹೆಸರು. ಸೊಸೆ ಆರಿಸಿಕೊಂಡದ್ದು ಕತ್ತರಿ ಸ್ವೀಪ್. ಅವಳು ಅಂಗಾತ ಮಲಗುತ್ತಾಳೆ, ನಾನು ಅವಳ ಕಾಲುಗಳ ನಡುವೆ ಮಂಡಿಯೂರಿ ಕೂರುತ್ತೇನೆ. ಒಂದು ಕೈಯಿಂದ ನನ್ನ ಬಲತೋಳನ್ನು, ಇನ್ನೊಂದರಿಂದ ನಾನು ತೊಟ್ಟ ದಪ್ಪ ಅಂಗಿಯ ಕಾಲರನ್ನು ಹಿಡಿಯುತ್ತಾಳೆ. ಒಂದು ಮೊಣಕಾಲನ್ನು ನನ್ನ ಹೊಟ್ಟೆಗೆ ಅಡ್ಡ ಇಟ್ಟು, ಇನ್ನೊಂದು ಕಾಲನ್ನು ನನ್ನ ಬಲಮಂಡಿಯ ಪಕ್ಕ ನೆಲಕ್ಕೆ ಚಾಚಿ, ನನ್ನನ್ನು ಎದೆಗೆ ಎಳೆದುಕೊಂಡು ಎರಡೂ ಕಾಲನ್ನು ಕತ್ತರಿಯಾಡಿಸಿದರೆ ನಾನು ಬಲಕ್ಕೆ ಉರುಳಬೇಕು. ಉರುಳುವವರು ನೆಲಕ್ಕೆ ಕೈ ಊರಿಬಿಟ್ಟರೆ ಆಟ ಕೆಟ್ಟಿತು. ಅದಕ್ಕೇ ಆ ತೋಳನ್ನು ಹಿಡಿದಿಡುವುದು. ನನ್ನ ಪಾಲಿಗೆ ಬಂದ ಪಾಠ ಎರಡೇ: ಮೈ ಸಡಿಲ ಬಿಡಬೇಕು, ಬೀಳುವಾಗ ಗದ್ದವನ್ನು ಎದೆಗೆ ಒತ್ತಿಕೊಳ್ಳಬೇಕು, ತಲೆ ನೆಲಕ್ಕೆ ಬಡಿಯದ ಹಾಗೆ.

ಕೇಳಲು ಸುಲಭ. ಆದರೆ ಅವಳು ಕತ್ತರಿಯಾಡಿಸಿದಾಗಲೆಲ್ಲ ನನ್ನ ಬಲಗೈ ಅವಳ ಹಿಡಿತವನ್ನು ಕಿತ್ತುಕೊಂಡು ನೆಲಕ್ಕೆ ಊರಿಬಿಡುತ್ತಿತ್ತು. ನಾನು ಊರುತ್ತಿರಲಿಲ್ಲ, ಅದೇ ಊರುತ್ತಿತ್ತು. ನಾನು ಕಲ್ಲುಗುಂಡಿನ ಹಾಗೆ ಕೂತೇ ಇರುತ್ತಿದ್ದೆ, ಕೆಳಗೆ ಅವಳು ಬೆವರುತ್ತಿದ್ದಳು.

ಮಗ ಇದಕ್ಕೊಂದು ಕಾರಣ ಕಂಡುಹಿಡಿದ. ನಾನು ಬಸ್ಸಿನಲ್ಲಿ ಕಂಡಕ್ಟರಾಗಿದ್ದವಳು. ಬಸ್ಸು ತುಂಬಿ ತುಳುಕುತ್ತಿದ್ದರೂ, ಡ್ರೈವರ್ ಎಂಥ ಬ್ರೇಕ್ ಹಾಕಿದರೂ, ಕಂಬಿ ಹಿಡಿಯದೆ ಎರಡು ಕೈಯಲ್ಲೂ ಟಿಕೆಟ್ ಹರಿಯುತ್ತ ನಿಂತವಳು. ಕಂಬಿ ಹಿಡಿಯದ ಕಂಡಕ್ಟರು ಎಂದೇ ಡಿಪೋದಲ್ಲಿ ನನಗೆ ಹೆಸರಿತ್ತು. ಬ್ರೇಕಿಗೇ ಬೀಳದವಳು ನಿನ್ನ ಕಾಲಿಗೆ ಬೀಳ್ತಾಳಾ ಎಂದು ಅವನು ಹೆಂಡತಿಯನ್ನು ಕಾಡಿಸಿದ. ಅವನು ಲಿಫ್ಟ್ ರಿಪೇರಿ ಮಾಡುವವನು. ಕೆಲಸಕ್ಕೆ ಹೋದ ಕಟ್ಟಡಗಳಲ್ಲೆಲ್ಲ, ನಮ್ಮಮ್ಮನನ್ನು ಬ್ಲೂ ಬೆಲ್ಟ್ ಗೆದ್ದ ಸೊಸೆಗೂ ಅಲ್ಲಾಡಿಸೋಕೆ ಆಗಲಿಲ್ಲ ಎಂದು ಹೇಳಿಕೊಂಡು ಬಂದ. ಕೇಳಿ ನಾನು ಹಿಗ್ಗಿದವಳ ಹಾಗೆ ನಕ್ಕೆ. ಆದರೆ ಆ ನಗು ಗಂಟಲಿನಿಂದ ಕೆಳಗೆ ಇಳಿಯಲಿಲ್ಲ.

ನಿಜ ಬೇರೆಯೇ ಇತ್ತು. ಕಳೆದ ಚಳಿಗಾಲದಲ್ಲಿ ಇಬ್ಬರೂ ಕೆಲಸಕ್ಕೆ ಹೋದ ಮೇಲೆ ನಾನು ಬಚ್ಚಲುಮನೆಯಲ್ಲಿ ಬಿದ್ದಿದ್ದೆ. ಸೋಪಿನ ನೀರು, ಕಾಲು ಜಾರಿತು, ಬಲಗೈ ನಲ್ಲಿಯನ್ನು ಹುಡುಕಿತು, ಸಿಗಲಿಲ್ಲ. ಬಲಕ್ಕೆ ಬಿದ್ದೆ, ತಲೆ ನೆಲಕ್ಕೆ ಬಡಿಯಿತು. ಎಲುಬು ಮುರಿಯಲಿಲ್ಲ, ರಕ್ತ ಬರಲಿಲ್ಲ. ಏಳಲು ಮಾತ್ರ ಆಗಲಿಲ್ಲ. ಬಕೆಟ್ಟಿನ ತಳ ನೋಡುತ್ತ, ನಲ್ಲಿ ತೊಟ್ಟಿಕ್ಕುವುದನ್ನು ಕೇಳುತ್ತ ಎಷ್ಟು ಹೊತ್ತು ಬಿದ್ದಿದ್ದೆನೋ. ಆಮೇಲೆ ಹೇಗೋ ಎದ್ದು, ಬಟ್ಟೆ ಬದಲಿಸಿ, ಅಡುಗೆ ಮಾಡಿ, ಸಂಜೆ ಇಬ್ಬರಿಗೂ ಬಡಿಸಿದೆ.

ಯಾರಿಗೂ ಹೇಳಲಿಲ್ಲ. ಹೇಳಿದರೆ ಮಗ ಏನು ಮಾಡುತ್ತಾನೆಂದು ಗೊತ್ತಿತ್ತು. ಒಬ್ಬಳೇ ಸ್ನಾನಕ್ಕೆ ಹೋಗಬೇಡ, ಸ್ಟೂಲ್ ಹತ್ತಬೇಡ, ಹೊರಗೆ ಹೋಗಬೇಡ ಎನ್ನುತ್ತಾನೆ. ಲಿಫ್ಟಿನಲ್ಲಿರುವ ಅಪಾಯದ ಗಂಟೆಯನ್ನು ತಂದು ನನ್ನ ಕೊರಳಿಗೆ ಕಟ್ಟುತ್ತಾನೆ. ಅವನು ಬೇಡ ಎನ್ನುವ ಮೊದಲೇ ನಾನೇ ಎಲ್ಲವನ್ನೂ ಬಿಟ್ಟುಬಿಟ್ಟೆ ಎಂಬುದು ಬೇರೆ ಮಾತು. ಊರಿಗೆಲ್ಲ ಲಿಫ್ಟ್ ಸರಿಮಾಡುವವನು ಇರುವ ನಮ್ಮ ಕಟ್ಟಡದಲ್ಲಿ ಲಿಫ್ಟ್ ಇಲ್ಲ. ನಾವಿರುವುದು ಮೂರನೆಯ ಮಹಡಿ. ಆ ಮೆಟ್ಟಿಲುಗಳನ್ನು ಮೇಲಿನಿಂದ ನೋಡಿದರೆ ಅಂಗಾಲಿನಲ್ಲಿ ಜುಮ್ಮೆನ್ನುತ್ತಿತ್ತು. ಮಂಡಿನೋವು ಎಂದು ನೆಪ ಹೇಳಿ ವಾಕಿಂಗ್ ನಿಲ್ಲಿಸಿದೆ, ತರಕಾರಿ ತರುವುದನ್ನು ನಿಲ್ಲಿಸಿದೆ, ಹಳೆಯ ಗೆಳತಿಯರನ್ನು ನೋಡುವುದನ್ನು ನಿಲ್ಲಿಸಿದೆ. ತೂಕ ಏರಿತು, ಸಕ್ಕರೆ ಏರಿತು, ಫೋನಿನಲ್ಲಿ ಡಾಕ್ಟರ ದನಿಯೂ ಏರಿತು. ಸ್ನಾನಕ್ಕೆ ಹೋಗುವ ಮುಂಚೆ ಬಾಗಿಲಲ್ಲಿ ನಿಂತು ಉಸಿರು ಬಿಗಿಹಿಡಿಯುವುದು ನನ್ನೊಬ್ಬಳಿಗೇ ಗೊತ್ತಿತ್ತು.

ಹಾಗಿದ್ದರೆ ಈ ಆಟಕ್ಕೆ ಏಕೆ ಒಪ್ಪಿದೆ? ಅವಳು ಕೇಳಿದ ರೀತಿಗೆ. "ಅತ್ತೆ, ನಿಮಗೆ ಬೇಜಾರಿಲ್ಲ ಅಂದ್ರೆ" ಎಂದು ಬಾಗಿಲ ಮರೆಯಲ್ಲಿ ನಿಂತು ಕೇಳಿದ್ದಳು. ಸ್ವಂತ ತಾಯಿ ಇಲ್ಲದ ಹುಡುಗಿ. ಬೇರೆ ಯಾರನ್ನು ಕೇಳುತ್ತಾಳೆ?

ಸ್ವೀಪ್ ಒಂದನ್ನು ಬಿಟ್ಟರೆ ಉಳಿದದ್ದೆಲ್ಲ ಚೆನ್ನಾಗಿಯೇ ನಡೆಯಿತು. ಮೊದಲು ಮೈ ಬಿಸಿಯಾಗಬೇಕೆಂದು ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದನ್ನು ಕಲಿಸಿದಳು. ಮಲಗಿದಲ್ಲೇ ಸೊಂಟ ಎತ್ತಿ ಹಿಂದಕ್ಕೆ ಸರಿಯುವುದನ್ನು, ನೆಲದಿಂದ ಒಂದು ಕಾಲು ಮಡಿಸಿ ಏಳುವುದನ್ನು ಕಲಿಸಿದಳು. ಅವಳು ತಾರಸಿಯಲ್ಲಿ ಹಗ್ಗ ಹಾರುವಾಗ ನಾನು ಪಕ್ಕದಲ್ಲಿ ನಿಂತು ತೋಳು ಬೀಸುತ್ತಿದ್ದೆ. ತಾರಸಿಗೆ ಹೋಗುವುದು ಹತ್ತುವ ಮೆಟ್ಟಿಲು. ಇಳಿಯುವಾಗ ಅವಳು ಮಾತಾಡುತ್ತ ನನ್ನ ಮುಂದೆಯೇ ಇರುತ್ತಿದ್ದಳು, ಹಾಗಾಗಿ ಹೆದರಿಕೆ ಇರುತ್ತಿರಲಿಲ್ಲ. ಸಕ್ಕರೆ ಸ್ವಲ್ಪ ಇಳಿಯಿತು. ಪೈಜಾಮದ ಲಾಡಿ ಒಂದು ಗಂಟು ಒಳಕ್ಕೆ ಬಂತು. ನನಗೆ ಖುಷಿಯಾಗುತ್ತಿತ್ತು, ಅವಳು ಮಾತ್ರ ದಿನದಿಂದ ದಿನಕ್ಕೆ ಸೊರಗುತ್ತಿದ್ದಳು. ನನ್ನನ್ನು ಮಗುಚಲಾಗದ್ದು ತನ್ನ ತಪ್ಪೆಂದೇ ಅವಳು ತಿಳಿದಿದ್ದಳು. ಬೆರಳುಗಳಿಗೆ ಸುತ್ತಿದ ಟೇಪನ್ನು ಬಿಚ್ಚುತ್ತ, ನನ್ನ ಕಾಲು ಎಲ್ಲೋ ತಪ್ಪು ಜಾಗದಲ್ಲಿದೆ, ನನ್ನ ಹಿಡಿತ ಸರಿಯಿಲ್ಲ ಎಂದು ತನ್ನನ್ನೇ ಬೈದುಕೊಳ್ಳುತ್ತಿದ್ದಳು.

ಪರೀಕ್ಷೆಯ ಹಿಂದಿನ ವಾರ ಒಂದು ಸಂಜೆ ಮಗ ಕೆಲಸದಿಂದ ಬಂದಿರಲಿಲ್ಲ. ಅವಳು ಮ್ಯಾಟ್ ಹಾಸಲಿಲ್ಲ. ಈ ಸಲ ಬೇಡ ಅಂತ ಮೇಷ್ಟ್ರಿಗೆ ಹೇಳಿಬಿಡುತ್ತೇನೆ, ಅತ್ತೆ, ಒಬ್ಬರಿಗೆ ಕಲಿಸಲು ಬಾರದವಳು ಬ್ಯಾಚಿಗೆ ಏನು ಕಲಿಸಲಿ ಎಂದಳು. ನನ್ನೆದುರು ಅಳಬಾರದೆಂದು ನೀರು ಕುಡಿದಳು.

ನನ್ನ ಗುಟ್ಟು ನುಂಗಲೂ ಆಗದ ಉಗುಳಲೂ ಆಗದ ಬಿಸಿತುಪ್ಪವಾಯಿತು. ಕೊನೆಗೆ, ಇನ್ನೊಂದೇ ಸಲ ಮಾಡು ಎಂದು ನಾನೇ ಮ್ಯಾಟ್ ಎಳೆದೆ. ಬಲಕ್ಕೆ ಬೀಳಿಸಲು ನೋಡಿದಳು, ಕೈ ಊರಿದೆ. ಅವಳು ಮಲಗಿದಲ್ಲೇ ಚಾವಣಿ ನೋಡಿದಳು. ಆಮೇಲೆ ಏನು ತೋಚಿತೋ, ಹಿಡಿತ ಬದಲಿಸಿ, ಕಾಲು ಬದಲಿಸಿ, ಅದನ್ನೇ ಎಡಕ್ಕೆ ಮಾಡಿದಳು. ನಾನು ಗೋಣಿಚೀಲದ ಹಾಗೆ ದೊಪ್ಪನೆ ಉರುಳಿದೆ. ಮತ್ತೊಮ್ಮೆ ಎಡಕ್ಕೆ. ಮತ್ತೆ ಉರುಳಿದೆ. ಬಲಕ್ಕೆ ಮಾಡಿದಳು, ಕೈ ಊರಿತು.

ಅವಳು ಎದ್ದು ಕೂತಳು. ಗಿರಾಕಿಯ ಮೂಗಿನ ಮೇಲೆ ಫ್ರೇಮು ಓರೆಯಾಗಿದೆಯೇ ಎಂದು ನೋಡುವಾಗ ಹೇಗೆ ನೋಡುತ್ತಾಳೋ ಹಾಗೆ ನನ್ನನ್ನು ನೋಡಿದಳು.

"ಬಸ್ಸಲ್ಲಿ ನಿಂತವರಿಗೆ ಎಡ ಬಲ ಎರಡೂ ಒಂದೇ ಅಲ್ವಾ ಅತ್ತೆ?" ಎಂದಳು ಮೆಲ್ಲಗೆ. "ಬಲಗಡೆ ಯಾವಾಗ ಬಿದ್ರಿ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ನನ್ನ ಕೈ ತಾನಾಗಿ ತಲೆಯ ಹಿಂದಕ್ಕೆ ಹೋಯಿತು. ಮೊದಲು ಸಿಟ್ಟು ಬಂತು. ನಾನ್ಯಾಕೆ ಬೀಳಲಿ, ನಿನಗೆ ಬರಲ್ಲ ಅಂದ್ರೆ ನನ್ನ ಮೇಲೆ ಹಾಕ್ತೀಯಾ ಎಂದು ರೇಗಿದೆ. ಅವಳು ಎದ್ದು ಹೋಗಲಿಲ್ಲ. ಅವಳ ಮುಖ ನೋಡುತ್ತ ನೋಡುತ್ತ ನನ್ನ ಸಿಟ್ಟು ಇಳಿದುಹೋಯಿತು. ಎಲ್ಲವನ್ನೂ ಹೇಳಿದೆ. ಸೋಪಿನ ನೀರು, ಸಿಗದ ನಲ್ಲಿ, ಬಕೆಟ್ಟಿನ ತಳ. ಮಂಡಿ ನೋಯುವುದಿಲ್ಲ, ಹೆದರಿಕೆ ಎಂದೂ ಹೇಳಿದೆ. ಹೆದರಿಕೆ ಎಂಬ ಮಾತನ್ನು ನನ್ನ ಬಗ್ಗೆ ನಾನು ಅದುವರೆಗೆ ಆಡಿರಲಿಲ್ಲ. ಅವನಿಗೆ ಮಾತ್ರ ಹೇಳಬೇಡ ಎಂದೆ.

ನೀವು ಹೇಳೋವರೆಗೂ ನಾನು ಹೇಳಲ್ಲ ಎಂದಳು. ಆಮೇಲೆ ತನ್ನ ಅಂಗೈಯನ್ನು ಮ್ಯಾಟಿನ ಮೇಲೆ ಮೇಲ್ಮುಖವಾಗಿ ಇಟ್ಟಳು.

"ಇಲ್ಲಿ ತಲೆ ಇಡಿ ಅತ್ತೆ."

ನಾನು ಮಲಗಿ ಅವಳ ಅಂಗೈಯಲ್ಲಿ ತಲೆ ಇಟ್ಟೆ. ಎದ್ದು ಕೂತು ಬಲಕ್ಕೆ ವಾಲಿ, ಅದೇ ಅಂಗೈಗೆ ಮತ್ತೆ ತಲೆ ಇಟ್ಟೆ. ಆಮೇಲೆ ಮಂಡಿಯೂರಿದಲ್ಲಿಂದ. ಆಮೇಲೆ ಅವಳು ಕೆಳಗಿದ್ದು ಕತ್ತರಿಯಾಡಿಸಿದಾಗ. ಕಾಲರ್ ಹಿಡಿದ ಕೈಯನ್ನು ಬಿಡಿಸಿ, ನಾನು ನೆಲ ಮುಟ್ಟುವ ಮೊದಲೇ ತಲೆಯ ಹಿಂದೆ ತಂದಿಡುತ್ತಿದ್ದಳು. ಟೇಪು ಸುತ್ತಿದ ಒರಟು ಕೈ. ಪ್ರತಿ ಸಲವೂ ನೆಲಕ್ಕಿಂತ ಮುಂಚೆ ಅದು ಸಿಗುತ್ತಿತ್ತು. ಇಷ್ಟು ವರ್ಷದಲ್ಲಿ ನನ್ನ ತಲೆಯನ್ನು ಯಾರೂ ಹಾಗೆ ಹಿಡಿದಿರಲಿಲ್ಲ. ಆ ಸಂಜೆ ನನಗೆ ಈ ಹುಡುಗಿಯ ಮೇಲೆ ಎಂಥ ಪ್ರೀತಿ ಉಕ್ಕಿತೆಂದರೆ, ಅದನ್ನು ಮುಚ್ಚಿಕೊಳ್ಳಲು ಅವಳ ಅಡುಗೆಯಲ್ಲಿ ಉಪ್ಪು ಜಾಸ್ತಿ ಎಂದು ಜಗಳ ತೆಗೆದೆ.

ಪರೀಕ್ಷೆಯ ದಿನ ಬೆಳಗ್ಗೆ ಚಳಿಗಾಲದ ನಂತರ ಮೊದಲ ಸಲ ಮೂರು ಮಹಡಿ ಇಳಿದೆ. ಅವಳು ನನಗಿಂತ ಒಂದು ಮೆಟ್ಟಿಲು ಕೆಳಗೆ, ನನ್ನ ಕಡೆ ಮುಖ ಮಾಡಿ, ಏನೋ ಹರಟುತ್ತ ಹಿಂದಹಿಂದಕ್ಕೆ ಇಳಿದಳು. ಮೇಲಿನಿಂದ ಬ್ಯಾಗು ಹೊತ್ತು ಬರುತ್ತಿದ್ದ ಮಗ, ಮಂಡಿನೋವು ಹೇಗಿದೆ ಕಂಡಕ್ಟರಮ್ಮ ಎಂದ. ಹೋಲ್ಡಾನ್, ಬಾಗಿಲಲ್ಲಿ ನಿಲ್ಲಬೇಡಿ ಎಂದು ಹಳೆಯ ಬಸ್ಸಿನ ದನಿಯಲ್ಲಿ ಕೂಗಿದೆ.

ಜಿಯು-ಜಿಟ್ಸು ಹಾಲು ಒಂದು ಪೀಠೋಪಕರಣದ ಗೋದಾಮಿನ ಮೇಲಿತ್ತು. ಮ್ಯಾಟ್ ಒರೆಸಿದ ಔಷಧದ ವಾಸನೆ, ಗೋಡೆಗೆ ಸಾಲಾಗಿ ನೇತುಹಾಕಿದ ಒದ್ದೆ ಅಂಗಿಗಳು, ಗೊರ್ರೆನ್ನುವ ಫ್ಯಾನು. ಕಲಿಯುವವರೆಲ್ಲ ಗೋಡೆಗೆ ಒರಗಿ ಕೂತಿದ್ದರು. ಮೇಷ್ಟ್ರು ನಡುವೆ ಕಾಲು ಮಡಿಸಿ ಕೂತು ನಮ್ಮಿಬ್ಬರನ್ನು ಕರೆದರು. ಸೊಸೆ ಪಾಠ ಹೇಳತೊಡಗಿದಾಗ ಅವಳ ದನಿ ಮೊದಲು ತಡವರಿಸಿತು, ಆಮೇಲೆ ಗಟ್ಟಿಯಾಯಿತು. ಕೈ ಎಲ್ಲಿ, ಕಾಲು ಎಲ್ಲಿ, ಎಳೆಯುವುದು ಯಾವಾಗ, ಎಲ್ಲವನ್ನೂ ಮನೆಯ ಹಾಗೆ ಹೇಳಿದಳು. ಗದ್ದ ಎದೆಗೆ ಅತ್ತೆ ಎಂದಳು. ಎಳೆದಳು, ಕತ್ತರಿಯಾಡಿಸಿದಳು. ನನ್ನ ಬಲಗೈ ಅವಳ ಹಿಡಿತದಲ್ಲೇ ಉಳಿಯಿತು. ಉರುಳಿದೆ. ನೆಲಕ್ಕಿಂತ ಮುಂಚೆ ಅವಳ ಅಂಗೈ ಸಿಕ್ಕಿತು.

ಗೋಡೆಯ ಕಡೆ ಚಪ್ಪಾಳೆ ಕೇಳಿತು. ನನ್ನ ಮಗ, ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎಂದು ಕೂಗಿದ. ಮೇಷ್ಟ್ರು ಮಾತ್ರ ಚಪ್ಪಾಳೆ ತಟ್ಟಲಿಲ್ಲ.

"ಕಾಲರ್ ಯಾಕೆ ಬಿಟ್ಟೆ?" ಎಂದು ಕೇಳಿದರು. ಆ ಕೈ ಕಾಲರಿನಲ್ಲೇ ಇರಬೇಕು, ಬಿಟ್ಟರೆ ಮೇಲಿನವರು ತಪ್ಪಿಸಿಕೊಳ್ಳುತ್ತಾರೆ, ಇದು ನಿನಗೆ ಗೊತ್ತಿಲ್ಲದ್ದೇನಲ್ಲ, ನಾಳೆ ಬ್ಯಾಚಿಗೂ ಹೀಗೇ ಕಲಿಸುತ್ತೀಯಾ ಎಂದರು. ಗದರಿಸಲಿಲ್ಲ, ಉತ್ತರಕ್ಕೆ ಕಾದರು.

ಅವಳು ನನ್ನ ಮೇಲೆಯೇ ಕೂತಿದ್ದಳು, ಅವಳ ಕೈ ಇನ್ನೂ ನನ್ನ ತಲೆಯ ಕೆಳಗಿತ್ತು. ಉತ್ತರ ಅವಳ ಬಾಯಲ್ಲಿತ್ತು; ಗೋಡೆಯ ಬಳಿ ಕೂತ ನನ್ನ ಮಗನ ಕಡೆ ಒಮ್ಮೆ ನೋಡಿ ಅದನ್ನು ನುಂಗಿಕೊಂಡಳು.

"ತಪ್ಪಾಯ್ತು ಮೇಷ್ಟ್ರೇ" ಎಂದಳು.

ಅಷ್ಟೇ. ನನಗೆ ಕೊಟ್ಟ ಮಾತಿಗಾಗಿ ಬ್ಯಾಚನ್ನೇ ಬಿಟ್ಟುಕೊಡುತ್ತಿದ್ದಾಳೆ ಎಂದು ನನಗೆ ಅಂಗಾತ ಬಿದ್ದಲ್ಲೇ ಹೊಳೆಯಿತು. ನನ್ನ ಹೆದರಿಕೆಗೆ ಇನ್ನು ಎಷ್ಟನ್ನು ತಿನ್ನಿಸಲಿ? ವಾಕಿಂಗ್ ತಿಂದಿತು, ಗೆಳತಿಯರನ್ನು ತಿಂದಿತು. ಈಗ ಈ ಹುಡುಗಿಯ ಪಾಲಿನದನ್ನೂ ತಿನ್ನಲು ಬಾಯಿ ತೆರೆದಿತ್ತು.

"ತಪ್ಪು ಅವಳದ್ದಲ್ಲ" ಎಂದೆ. ಮಲಗಿಕೊಂಡು ಮಾತಾಡಿದರೆ ದನಿ ಬೇರೆ ಯಾರದ್ದೋ ಆಗಿರುತ್ತದೆ. "ಚಳಿಗಾಲದಲ್ಲಿ ನಾನು ಬಚ್ಚಲುಮನೇಲಿ ಬಿದ್ದೆ. ತಲೆಗೆ ಪೆಟ್ಟಾಯ್ತು. ಆವತ್ತಿಂದ ಬೀಳೋದು ಅಂದ್ರೆ ನಂಗೆ ಜೀವ ಹೋಗತ್ತೆ. ಅದಕ್ಕೆ ಇವಳು ಕೈ ಇಡ್ತಾಳೆ."

ಮಗನ ಕಡೆ ನೋಡಲು ನನಗೆ ಧೈರ್ಯ ಬರಲಿಲ್ಲ. ಅವನು ಎದ್ದು ಬಂದು ಮ್ಯಾಟಿನ ಅಂಚಿನಲ್ಲಿ ಕೂತದ್ದು ಕಣ್ಣಂಚಿಗೆ ಕಂಡಿತು.

ಸಾಕು ಅಮ್ಮ, ನೀವು ಏಳಿ ಎಂದರು ಮೇಷ್ಟ್ರು. ಸೊಸೆ ನನ್ನನ್ನು ಎಬ್ಬಿಸಿದಳು. ನಾನು ಎದ್ದವಳು ಪಕ್ಕಕ್ಕೆ ಹೋಗಲಿಲ್ಲ. ಮತ್ತೆ ಮಂಡಿಯೂರಿ ಕೂತೆ.

"ಮಲಗು" ಎಂದೆ ಅವಳಿಗೆ. "ಇನ್ನೊಂದ್ಸಲ ಮಾಡು. ಆ ಕೈ ಕಾಲರಲ್ಲೇ ಇರ್ಲಿ."

"ಬೇಡ ಅತ್ತೆ."

"ಕಾಲರ್ ಬಿಡಬೇಡ ಅಂದ್ನಲ್ಲ. ಗದ್ದ ನಾನೇ ನೋಡ್ಕೋತೀನಿ."

ಅವಳು ಮಲಗಿ ಕಾಲರ್ ಹಿಡಿದಳು. ಹಿಡಿದದ್ದನ್ನು ಒಮ್ಮೆ ಬಿಟ್ಟು ಮತ್ತೆ ಹಿಡಿದಳು. ಪಾಪ, ನನಗಿಂತ ಅವಳೇ ಹೆಚ್ಚು ಹೆದರಿದ್ದಳು. ಎಳೆದಳು. ಬಚ್ಚಲಿನ ನಲ್ಲಿ ಕಣ್ಣೆದುರು ಬಂತು, ಬಲಗೈ ಹಿಡಿತವನ್ನು ಕಿತ್ತುಕೊಳ್ಳಲು ಒಮ್ಮೆ ಜಗ್ಗಿತು. ಬೇಡ, ಇರು ಎಂದೆ ಅದಕ್ಕೆ. ಕಿಟಕಿ ಓರೆಯಾಯಿತು, ಫ್ಯಾನು ಪಕ್ಕಕ್ಕೆ ಹೋಯಿತು, ಗದ್ದವನ್ನು ಎದೆಗೆ ಒತ್ತಿಕೊಂಡೆ. ಭುಜ ಮುಟ್ಟಿತು, ಬೆನ್ನು ಮುಟ್ಟಿತು. ತಲೆ ಎಲ್ಲಿಗೂ ಮುಟ್ಟಲಿಲ್ಲ. ನನ್ನ ಕತ್ತೇ ಅದನ್ನು ಹಿಡಿದುಕೊಂಡಿತ್ತು.

ಕಣ್ಣು ಬಿಟ್ಟಾಗ ಅವಳು ನನ್ನ ಮೇಲಿದ್ದಳು, ಎರಡೂ ಹಿಡಿತ ಇದ್ದಲ್ಲೇ ಇತ್ತು.

"ಬಿದ್ರಿ ಅತ್ತೆ" ಎಂದಳು, ಕೆನ್ನೆಯ ಮೇಲೆ ನೀರು.

"ಬಿದ್ದೆ. ಇಳಿ ಈಗ, ಉಸಿರು ಕಟ್ತಿದೆ."

ಮೇಷ್ಟ್ರು ಭಾಷಣ ಮಾಡುವವರಲ್ಲ. ಎದ್ದು ಹೋಗಿ ತಮ್ಮ ಗೊಂಚಲಿನಿಂದ ಹಾಲಿನ ಬೀಗದ ಕೈಯೊಂದನ್ನು ಬಿಚ್ಚಿ ಅವಳ ಕೈಗೆ ಕೊಟ್ಟರು. ಬೆಳಗಿನ ಬ್ಯಾಚಿನವರು ಬರುವ ಮುಂಚೆ ಬಾಗಿಲು ತೆಗೆಯಬೇಕಲ್ಲ. ಆಮೇಲೆ ನನ್ನ ಕಡೆ ತಿರುಗಿ, ನೀವೂ ಬರ್ತೀರಿ ತಾನೇ ಎಂದು ಕೇಳಿದರು. ಸೊಸೆ ಗುರುವಾದರೆ ಅತ್ತೆ ಫೀಸು ಕಟ್ಟಬೇಕೇ ಎಂದು ನಾನು ಕೇಳಿದ್ದಕ್ಕೆ ಮೊದಲ ಸಲ ನಕ್ಕರು.

ಮನೆಗೆ ಬಂದ ಮೇಲೆ ಮಗ ನನ್ನ ಪಕ್ಕ ಬಂದು ಕೂತ. ಬಯ್ಯುತ್ತಾನೆಂದುಕೊಂಡಿದ್ದೆ. "ಒಂದು ಫೋನ್ ಮಾಡಬಾರದಿತ್ತಾ ಅಮ್ಮ" ಎಂದು ಒಂದೇ ಮಾತು ಹೇಳಿ ನನ್ನ ತಲೆಯ ಹಿಂಭಾಗ ಮುಟ್ಟಿ ನೋಡಿದ, ಈಗ ಅಲ್ಲಿ ಗಾಯವಿದ್ದೀತೆಂಬ ಹಾಗೆ. ಕೊರಳಿಗೆ ಗಂಟೆ ಕಟ್ಟುವ ಮಾತು ಬರಲಿಲ್ಲ. ಮಧ್ಯಾಹ್ನ ಡ್ರಿಲ್ ತಂದು ಬಚ್ಚಲುಮನೆಯ ಗೋಡೆಗೆ ತೂತು ಕೊರೆದು, ಲಿಫ್ಟಿನೊಳಗೆ ಹಾಕುವಂಥ ಸ್ಟೀಲ್ ಕಂಬಿಯೊಂದನ್ನು ಕೂರಿಸಿದ. ಬೇಡ ಎಂದು ಬಾಯಿಗೆ ಬಂದಿತ್ತು, ಬಕೆಟ್ ಸರಿಸಿ ಅವನಿಗೆ ಜಾಗ ಬಿಟ್ಟೆ.

ಮರುದಿನ ಬೆಳಗ್ಗೆ ಬ್ಯಾಚಿಗೆ ಹೊರಡುವ ಅವಸರ. ಸೊಸೆ ಹೊರಗಿನಿಂದ, ಬೇಗ ಅತ್ತೆ, ಮೊದಲ ದಿನವೇ ಬೀಗ ತೆಗೆಯೋದು ತಡವಾಗತ್ತೆ ಎನ್ನುತ್ತಿದ್ದಳು. ಬಚ್ಚಲ ಬಾಗಿಲಲ್ಲಿ ನಿಂತು ಉಸಿರು ಬಿಗಿಹಿಡಿಯುವುದನ್ನು ಮರೆತು ಒಳಗೆ ಹೋಗಿದ್ದೆ. ನೀರು ಹಾಕಿಕೊಳ್ಳುವ ಮುಂಚೆ ಆ ಕಂಬಿಯನ್ನು ಹಿಡಿದುಕೊಂಡೆ. ನೌಕರಿಯುದ್ದಕ್ಕೂ ಮುಟ್ಟದಿದ್ದದ್ದು ಕೈಗೆ ತಣ್ಣಗೆ ಹಿತವಾಗಿತ್ತು.